ಸೌದೆಮನೆಯಲ್ಲಿ ಆರು ವಾರ

ಪಂಕಜಮ್ಮ ಹೆದರುವ ಹೆಂಗಸು ಎಂಬುದು ಮಂಡ್ಯದ ಆ ಬೀದಿಗೆಲ್ಲ ಗೊತ್ತಿತ್ತು. ಮೋಡ ಕವಿದರೆ ಸಿಡಿಲು ಬಡಿದೀತೆಂದು ಹಿತ್ತಲಲ್ಲಿದ್ದ ಹಿತ್ತಾಳೆ ಪಾತ್ರೆಗಳನ್ನೆಲ್ಲ ಒಳಗೆ ತರುವಳು. ಬಾವಿಗೆ ಹಲಗೆಯ ಮುಚ್ಚಳ ಮಾಡಿಸಿದವಳು ಬೀದಿಗೆ ಅವಳೊಬ್ಬಳೇ. ಗಂಡ ಮದ್ದೂರಿಗೆ ಹೋಗಿ ಬರುವ ರೈಲು ಅರ್ಧ ಗಂಟೆ ತಡವಾದರೆ ಒಲೆ ಆರಿಸಿ ದೇವರ ಮುಂದೆ ಕೂತುಬಿಡುವಳು. ಐದು ವರ್ಷದ ಮಗಳು ಚೂಡಾಮಣಿಯನ್ನಂತೂ ಹೊಸ್ತಿಲು ದಾಟಿಸುತ್ತಿರಲಿಲ್ಲ.

“ಮದುವೆ ದಿಬ್ಬಣದಲ್ಲಾದರೂ ಈ ಹುಡುಗಿ ಬೀದಿ ನೋಡ್ತಾಳೇನೇ?” ಎಂದು ಪಕ್ಕದ ಮನೆಯವರು ನಗುತ್ತಿದ್ದರು.

ಪಂಕಜಮ್ಮನೂ ನಗುವಳು. ಆದರೆ ಕದದ ಅಗುಳಿ ಮಾತ್ರ ಹಾಕಿಯೇ ಇರುತ್ತಿತ್ತು. ಮಳವಳ್ಳಿಯಲ್ಲಿ ಹುಟ್ಟಿ, ಹದಿಮೂರಕ್ಕೆ ಮದುವೆಯಾಗಿ, ಎರಡು ಬಸಿರು ನಿಲ್ಲದೆ ಹೋದ ಮೇಲೆ ಮದುವೆಯ ಹನ್ನೊಂದನೆಯ ವರ್ಷಕ್ಕೆ ಕಂಡ ಮಗಳು ಅದು.

ಅವಳ ಗಂಡ ಕಸ್ತೂರಿರಂಗ ಅಲ್ಲಿನ ಒಂದು ಛತ್ರದ ಪಾರುಪತ್ಯಗಾರ. ಬಂದ ಪ್ರಯಾಣಿಕರಿಗೆ ಕೋಣೆ ತೋರಿಸುವುದು, ಅಡಿಗೆಗೆ ಅಳೆದು ಕೊಡುವುದು, ಬೀಗದ ಗೊಂಚಲು ಸೊಂಟದಲ್ಲಿಟ್ಟುಕೊಂಡು ತಿರುಗುವುದು ಅವನ ಕೆಲಸ. ಛತ್ರಕ್ಕೆ ಅಂಟಿಕೊಂಡಂತೆ ಅವರ ಮನೆ. ಮನೆಯ ಹಿತ್ತಲ ಗೋಡೆಗೂ ಆಸ್ಪತ್ರೆಯ ಕಾಂಪೌಂಡಿಗೂ ನಡುವೆ ಒಂದು ಓಣಿ ಮಾತ್ರ. ಆಸ್ಪತ್ರೆಯಲ್ಲಿ ಮಕ್ಕಳು ಅತ್ತರೆ ಅಡಿಗೆಮನೆಗೆ ಕೇಳಿಸುತ್ತಿತ್ತು. ಆ ಕಡೆಯ ಕಿಟಕಿಯನ್ನು ಪಂಕಜಮ್ಮ ಬೇಸಗೆಯಲ್ಲೂ ತೆಗೆಯುತ್ತಿರಲಿಲ್ಲ.

ಸಾವಿರದ ಒಂಬೈನೂರ ಮೂವತ್ತಾರರ ಕಾರ್ತಿಕದಲ್ಲಿ ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಗಂಟಲಮಾರಿ ಕಾಣಿಸಿಕೊಂಡಿತು. ಮಕ್ಕಳ ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಟಿ ಉಸಿರು ಹಿಡಿಯುವ ರೋಗ ಅದು. ಪಂಕಜಮ್ಮ ದಿನಾ ಬೆಳಿಗ್ಗೆ ಮಗಳನ್ನು ಬಿಸಿಲಿಗೆ ನಿಲ್ಲಿಸಿ, ಚಮಚದ ಹಿಡಿಯಿಂದ ನಾಲಗೆ ಒತ್ತಿ ಗಂಟಲು ನೋಡಲು ಶುರುಮಾಡಿದಳು.

ಒಂದು ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಡಾಕ್ಟರು ತಾವೇ ಛತ್ರಕ್ಕೆ ಬಂದರು.

“ಪಾರುಪತ್ಯಗಾರರೆ, ನನಗೊಂದು ಮೂಲೆ ಬೇಕಾಗಿತ್ತು. ಬೆಳಕವಾಡಿಯಿಂದ ಬಂದ ಮಗು. ಐದು ವರ್ಷ. ಗಂಟಲಮಾರಿ ವಾಸಿಯಾಗಿದೆ. ಎರಡು ಸಲ ಪರೀಕ್ಷೆ ಮಾಡಿದೀನಿ, ಇನ್ನು ಯಾರಿಗೂ ಅಂಟೋಲ್ಲ. ಆದರೆ ಅದರ ವಿಷ ಗುಂಡಿಗೆಗೆ ಇಳಿದಿದೆ. ಆರು ವಾರ ಅಂಗಾತ ಮಲಗಿರಬೇಕು. ಎದ್ದು ಕೂತರೂ ಕಷ್ಟ, ಗಾಡಿಯಲ್ಲಿ ಕುಲುಕಾಡಿದರೂ ಕಷ್ಟ. ಗುಂಡಿಗೆ ನಿಂತುಹೋಗಬಹುದು.”

“ಆಸ್ಪತ್ರೆಯಲ್ಲೇ...”

“ಗಂಟಲಮಾರಿಗೆ ಅಂತ ಇರೋದು ನಾಲ್ಕು ಮಂಚ. ಐದನೇ ಮಗು ಈಗ ಬಾಗಿಲಲ್ಲಿದೆ. ಉಳಿದ ಕಡೆ ಚಳಿಜ್ವರದವರು ನೆಲದ ಮೇಲೂ ಮಲಗಿದಾರೆ. ತಾಯಿ ನೋಡಿಕೊಳ್ತಾಳೆ, ನನಗೆ ಸೂರು ಮಾತ್ರ ಬೇಕು. ಹತ್ತಿರ ಇದ್ದರೆ ದಿನಾ ಒಂದು ಸಲ ನಾನೇ ಬಂದು ನೋಡ್ತೀನಿ.”

ಕಸ್ತೂರಿರಂಗ ಯಾವ ಜನ ಎಂದು ಕೇಳಿದ. ಡಾಕ್ಟರು ಹೇಳಿದರು. ಆ ಜನ ಛತ್ರದ ಜಗಲಿಯನ್ನೂ ಹತ್ತುವಂತಿರಲಿಲ್ಲ.

“ಮೂರು ದಿನಕ್ಕಿಂತ ಹೆಚ್ಚಿಗೆ ಯಾರನ್ನೂ ಇಟ್ಟುಕೊಳ್ಳೋ ಹಾಗಿಲ್ಲ ಸ್ವಾಮಿ, ಛತ್ರ ಕಟ್ಟಿಸಿದವರ ಪತ್ರದಲ್ಲೇ ಬರೆದಿದೆ. ಇನ್ನು ಇವರನ್ನ ಅಂದರೆ... ಧನುರ್ಮಾಸಕ್ಕೆ ಛತ್ರದ ಧರ್ಮದರ್ಶಿಗಳು ಲೆಕ್ಕ ನೋಡೋಕೆ ಬರ್ತಾರೆ. ನನ್ನ ಕೆಲಸ ಹೋಗತ್ತೆ.”

ಕದದ ಹಿಂದೆ ನಿಂತಿದ್ದ ಪಂಕಜಮ್ಮ ಗಂಡನಿಗೆ ಕೇಳುವಷ್ಟೇ ದನಿಯಲ್ಲಿ, “ಮನೇಲಿ ಮಗು ಇದೆ ಅಂತ ಹೇಳಿ. ಬೇಡ. ಬೇಡವೇ ಬೇಡ” ಎಂದಳು.

ಡಾಕ್ಟರಿಗೂ ಅದು ಕೇಳಿಸಿತು. ವಾದ ಮಾಡದೆ ಎದ್ದು ಹೋದರು.

ಮಧ್ಯಾಹ್ನ ಹಪ್ಪಳ ಒಣಗಲು ಹಾಕಲೆಂದು ಹಿತ್ತಲಿಗೆ ಹೋದ ಪಂಕಜಮ್ಮನಿಗೆ, ಗಿಡ್ಡ ಗೋಡೆಯ ಆಚೆ, ಓಣಿಯ ಹೊಂಗೆಮರದಡಿ ಒಬ್ಬ ಹೆಂಗಸು ನಿಂತಿರುವುದು ಕಂಡಿತು. ಎರಡು ಮುಂಗೈಗಳ ಮೇಲೆ ಮಗುವನ್ನು ಅಡ್ಡಲಾಗಿ ಮಲಗಿಸಿಕೊಂಡಿದ್ದಳು. ಮಗು ಸಣ್ಣದೇನಲ್ಲ. ಕಾಲುಗಳು ಮೊಣಕೈಯಿಂದಾಚೆ ಚಾಚಿದ್ದವು. ಇವಳೇ ಆ ತಾಯಿ ಎಂದು ತಿಳಿದು ಪಂಕಜಮ್ಮ ಸರಕ್ಕನೆ ಒಳಗೆ ಬಂದುಬಿಟ್ಟಳು.

ಅನ್ನ ಬಸಿದು ಮತ್ತೆ ಹೋಗಿ ನೋಡಿದಳು. ಹೆಂಗಸು ಹಾಗೇ ನಿಂತಿದ್ದಳು. ಸಾರಿಗೆ ಒಗ್ಗರಣೆ ಹಾಕಿ ಬಂದು ನೋಡಿದಳು. ಈಗ ಬೆನ್ನನ್ನು ಮರಕ್ಕೆ ಆನಿಸಿದ್ದಳು, ಮೊಣಕೈಗಳು ನಡುಗುತ್ತಿದ್ದವು. ಮಗು ಬಿದ್ದುಬಿಟ್ಟರೆ? ಪಂಕಜಮ್ಮನಿಗೆ ತನ್ನ ತೋಳುಗಳೇ ಸೋತಂತಾಯಿತು.

“ಕೂತ್ಕೊಳ್ಳಮ್ಮಾ, ಯಾಕೆ ನಿಂತಿದೀಯ?” ಎಂದು ಗೋಡೆಯ ಈಚೆಯಿಂದಲೇ ಕೂಗಿದಳು.

“ಕುಂತ್ರೆ ಮಗ ಬಗ್ತದೆ ಅಮ್ಮಾವ್ರೆ. ಬಗ್ಗುಸ್ಬ್ಯಾಡ ಅಂದವ್ರೆ ಡಾಕುಟ್ರು.”

“ನೆಲದ ಮೇಲಾದರೂ ಮಲಗಿಸು.”

“ಕೆಂಜಿಗ ಅವೆ. ಇವಳಪ್ಪ ಗಾಡಿ ತರಾಕೆ ಓಗವ್ರೆ, ಇನ್ನೇನ್ ಬತ್ತಾರೆ.”

“ಗಾಡಿ ಎಲ್ಲಿಗೆ?”

“ಊರ್ಗೆ. ಇನ್ನೆಲ್ಲಿಗೆ ಓಗಾನೆ?”

ಮಳವಳ್ಳಿಯ ದಾರಿ ಪಂಕಜಮ್ಮನಿಗೆ ಗೊತ್ತಿತ್ತು. ತವರಿಗೆ ಹೋಗಿ ಬಂದಾಗಲೆಲ್ಲ ಸೊಂಟ ಹಿಡಿದುಕೊಂಡು ಎರಡು ದಿನ ಮಲಗುತ್ತಿದ್ದಳು. ಬೆಳಕವಾಡಿ ಅದಕ್ಕೂ ಆಚೆ. ಆ ಗಾಲಿ, ಆ ಹಳ್ಳ, ಅದರ ಮೇಲೆ ಈ ಮಗು. ಡಾಕ್ಟರು ಹೇಳಿದ ಮಾತು ಕಿವಿಯಲ್ಲೇ ಇತ್ತು. ಹಿತ್ತಲಿನಿಂದ ಓಣಿಗೆ ತೆರೆಯುವ ಬಾಗಿಲಿನ ಅಡ್ಡಪಟ್ಟಿ ತೆಗೆಯುವಾಗ ಅದು ಕೈಜಾರಿ ಕಾಲ ಮೇಲೆ ಬಿತ್ತು.

“ಅಲ್ಲಿ ಸೌದೆಮನೆ ಇದೆ ನೋಡು. ಅಲ್ಲಿಗೆ ಹೋಗು. ನಿಧಾನ, ನಿಧಾನ” ಎನ್ನುತ್ತ ತಾನು ಹತ್ತು ಮಾರು ಹಿಂದಕ್ಕೆ ಸರಿದು ನಿಂತಳು.

ಸೌದೆಮನೆ ಹಿತ್ತಲ ಕೊನೆಯಲ್ಲಿದ್ದ ಹೆಂಚಿನ ಕೋಣೆ. ಛತ್ರದ ಒಂದು ಹಳೆಯ ಕದ ಅಲ್ಲಿ ಒರಗಿತ್ತು. ಪಂಕಜಮ್ಮ ಓಡಿಹೋಗಿ ಅದನ್ನು ಇಟ್ಟಿಗೆಗಳ ಮೇಲೆ ಮಲಗಿಸಿ, ಗೋಣಿತಾಟು ಹಾಸಿ ಹೊರಗೆ ಬಂದಳು. ಹೆಂಗಸು ಒಳಹೊಕ್ಕು ಮಗುವನ್ನು ಅದರ ಮೇಲೆ ಇಳಿಸಿದಳು. ಇಳಿಸಿದ ಮೇಲೆ ಕೈ ನೆಟ್ಟಗಾಗದೆ ಸ್ವಲ್ಪ ಹೊತ್ತು ಹಾಗೇ ಮಡಿಸಿಕೊಂಡು ನಿಂತಳು. ಆಗ ಅಳು ಬಂತು ಅವಳಿಗೆ.

ಅವಳ ಹೆಸರು ಮಾಯಮ್ಮ. ಮಗು ಚಿಕ್ಕಬೋರಮ್ಮ, ಕರೆಯುವುದು ಬೋರಿ ಎಂದು. ಗಂಡ ಕೆಂಪಸಿದ್ದಯ್ಯ ಗಾಡಿಯೊಡನೆ ಬಂದಾಗ ಪಂಕಜಮ್ಮ ಗೋಡೆಯ ಮೇಲಿಂದಲೇ ವಿಷಯ ತಿಳಿಸಿದಳು. ಅವನು ತಲೆವಸ್ತ್ರ ತೆಗೆದು, ಎಂಟು ದಿನಕ್ಕೊಮ್ಮೆ ರಾಗಿಹಿಟ್ಟು ತಂದುಕೊಡುತ್ತೇನೆಂದು ಹೇಳಿ ಊರಿಗೆ ಹೋದ.

ಕಸ್ತೂರಿರಂಗನಿಗೆ ನಂಬಲಾಗಲಿಲ್ಲ. “ನೀನಾ? ನೀನೇ ಕರೆದ್ಯಾ?”

“ಅದು ಛತ್ರ ಅಲ್ಲ ತಾನೆ? ನಮಗೆ ಅಂತ ಬಿಟ್ಟ ಹಿತ್ತಲು ತಾನೆ?”

“ಬೆಳಿಗ್ಗೆ ಬೇಡ ಅಂದವಳು ನೀನೇ ಅಲ್ವೇನೇ?”

“ಈಗಲೂ ಭಯಾನೇ” ಎಂದಳು ಪಂಕಜಮ್ಮ. “ಅವರು ಹೊರಟುಹೋಗಿದ್ದರೆ ಇನ್ನೂ ಭಯ ಆಗ್ತಿತ್ತು.”

ಚೂಡಾಮಣಿಗೆ ಹಿತ್ತಲು ಬಂದ್ ಆಯಿತು. ಪಂಕಜಮ್ಮ ಗಂಜಿ, ಬೆಲ್ಲ, ಕಾಯಿಸಿ ಆರಿಸಿದ ನೀರು ಎಲ್ಲವನ್ನೂ ಒಂದು ಚಪ್ಪಡಿಯ ಮೇಲಿಟ್ಟು ದೂರ ಸರಿದ ಮೇಲೆ ಮಾಯಮ್ಮ ಬಂದು ತೆಗೆದುಕೊಂಡು ಹೋಗುವಳು. ಅದು ಮಡಿಯೂ ಹೌದು, ರೋಗದ ಭಯವೂ ಹೌದು. ಯಾವುದೆಷ್ಟು ಎಂದು ಪಂಕಜಮ್ಮನಿಗೇ ಗೊತ್ತಿರಲಿಲ್ಲ. ಆದರೆ ಗಂಟೆಗೊಮ್ಮೆ ಸೌದೆಮನೆಯ ಬಾಗಿಲಿಗೆ ಹೋಗಿ ಕೇಳದಿದ್ದರೆ ಅವಳಿಗೆ ಕೈಗೆ ಕೆಲಸ ಹತ್ತುತ್ತಿರಲಿಲ್ಲ.

“ಮಲಗಿದಾಳಾ?”

“ಮಲಗವ್ಳೆ ಅಮ್ಮಾವ್ರೆ.”

“ಅಂಗಾತ ತಾನೆ?”

“ಊಂ, ಅಂಗಾತ್ವೇ.”

ಕಷ್ಟವೆಂದರೆ ಬೋರಿಗೆ ತಾನು ರೋಗಿ ಎನ್ನಿಸುತ್ತಲೇ ಇರಲಿಲ್ಲ. ಜ್ವರ ಇಲ್ಲ, ನೋವಿಲ್ಲ, ಹಸಿವು ಬೇಕಾದಷ್ಟು. ಮಲಗಿದಲ್ಲೇ ಹಾಡುವಳು, ಕಾಲು ಒದೆಯುವಳು, ಏಳುತ್ತೇನೆಂದು ಹಟ ಮಾಡುವಳು. ಮಾಯಮ್ಮ ಅವಳ ಎದೆಯ ಮೇಲೆ ಅಂಗೈಯಿಟ್ಟು ಕೂತೇ ಇರುವಳು. ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಗಾಡಿಗಳ ಗೆಜ್ಜೆ ಓಣಿಯಾಚೆ ಕೇಳಿಸಿದಾಗಲೆಲ್ಲ ಮಗು ಕತ್ತೆತ್ತುವುದು, ತಾಯಿ ಹಣೆ ಒತ್ತುವುದು.

ಎರಡನೆಯ ವಾರದ ಕೊನೆಗೆ ಒಂದು ಬೆಳಿಗ್ಗೆ ಮಾಯಮ್ಮ ಕಿರುಚಿದಳು. ಪಂಕಜಮ್ಮ ಓಡಿಬಂದು ನೋಡಿದರೆ ಬೋರಿ ಕುಡಿದ ಹಾಲು ಮೂಗಿನಿಂದ ಬರುತ್ತಿತ್ತು. ಮಾತಾಡಿದರೆ ದನಿಯೂ ಮೂಗಿನಲ್ಲೇ.

“ಏನೋ ಮೆಟ್ಕಂಡದೆ ಅಮ್ಮಾವ್ರೆ, ನನ್ ಮಗಿನ್ ದನಿ ಅಲ್ಲ ಇದು!”

ಕಸ್ತೂರಿರಂಗ ಮನೆಯಲ್ಲಿರಲಿಲ್ಲ. ಒಬ್ಬಳೇ ಬೀದಿಗೆ ಇಳಿದು ಗೊತ್ತಿಲ್ಲದ ಪಂಕಜಮ್ಮ ಸೆರಗು ಹೊದ್ದು, ಓಣಿ ದಾಟಿ, ಆಸ್ಪತ್ರೆಯ ಬಾಗಿಲಲ್ಲಿ ನಿಂತು ಡಾಕ್ಟರನ್ನು ಕರೆದಳು. ಅವರು ಬಂದು ನೋಡಿ, ಗಂಟಲಿನ ನರ ಸೋತಿದೆ, ಕೆಲವು ವಾರಕ್ಕೆ ಸರಿಹೋಗುತ್ತದೆ, ನೀರಾದದ್ದು ಕೊಡಬೇಡಿ, ರಾಗಿಯ ಅಂಬಲಿಯನ್ನು ಗಟ್ಟಿಯಾಗಿ ಮಾಡಿ ಚಮಚದಲ್ಲಿ ಕೊಡಿ ಎಂದರು. ಆಮೇಲೆ ಮಗುವಿನ ಮಣಿಕಟ್ಟು ಹಿಡಿದು ನಾಡಿ ಎಣಿಸಿದರು.

“ನಾಡಿ ದಿನಕ್ಕೆ ಮೂರು ಸಲ ನೋಡಬೇಕು. ನಾನು ಬರೋಕಾಗೋದು ಒಂದು ಸಲ. ಮಾಯಮ್ಮ, ನಿನಗೆ ನೂರರವರೆಗೆ ಎಣಿಸೋಕೆ ಬರತ್ತಾ?”

“ಇಪ್ಪತ್ಗಂಟ ಬತ್ತದೆ ಬುದ್ದಿ.”

ಡಾಕ್ಟರು ಪಂಕಜಮ್ಮನ ಕಡೆ ತಿರುಗಿದರು. “ನಿಮ್ಮ ಮನೆಯಲ್ಲಿ ಗಡಿಯಾರ ಇದೆಯಲ್ಲ, ತಾಯಿ?”

ಅವಳು ಬಾಗಿಲಿನಿಂದಾಚೆ ನಿಂತಿದ್ದಳು. ಒಳಗೆ ಬರಬೇಕಾಯಿತು. ಡಾಕ್ಟರು ಮಗುವಿನ ಮಣಿಕಟ್ಟಿನ ಮೇಲೆ ಅವಳ ಎರಡು ಬೆರಳಿಟ್ಟು ಎಲ್ಲಿ ಒತ್ತಬೇಕೆಂದು ತೋರಿಸಿದರು. ಮೊದಲು ಏನೂ ಸಿಕ್ಕಲಿಲ್ಲ. ಆಮೇಲೆ ಬೆರಳಡಿಯಲ್ಲಿ ಸಣ್ಣಗೆ, ಓಡಿಬಂದಂತೆ, ಬಡಿತ.

“ನಿಮಿಷಕ್ಕೆ ನೂರರ ಹತ್ತಿರ ಇದ್ದರೆ ಪರವಾಗಿಲ್ಲ. ಎಪ್ಪತ್ತಕ್ಕೆ ಇಳಿದರೆ, ಇಲ್ಲಾ ನಡುನಡುವೆ ತಪ್ಪಿದರೆ, ತಕ್ಷಣ ಹೇಳಿ ಕಳಿಸಿ.”

ಮೊದಲ ದಿನ ಪಂಕಜಮ್ಮ ಮೂರು ಸಲ ನಾಡಿ ಹಿಡಿದು ಮೂರು ಸಲ ತಣ್ಣೀರು ಸ್ನಾನ ಮಾಡಿದಳು. ನಾಲ್ಕೈದು ದಿನ ಹಾಗೇ ನಡೆಯಿತು. ಚಳಿಗಾಲ, ಶೀತವಾಗಿ ಮೂಗು ಕಟ್ಟಿತು. ತನ್ನ ಶೀತ ಮಗುವಿಗೆ ಹತ್ತಿದರೆ ಏನು ಗತಿ ಎಂಬ ಹೊಸ ಭಯ ಹುಟ್ಟಿತು. ಅಲ್ಲಿಂದ ಕೈಕಾಲು ತೊಳೆದು ಸುಮ್ಮನಾಗತೊಡಗಿದಳು. ಅದನ್ನು ಗಂಡ ಗಮನಿಸಿದ. ತನ್ನ ಜೇಬಿನ ಗಡಿಯಾರಕ್ಕೆ ತಾನೇ ಕೀಲಿ ಕೊಟ್ಟು ಅವಳಿಗೆ ಸಿಗುವಂತೆ ಗೋಡೆಯ ಗೂಡಿನಲ್ಲಿಡಲು ಶುರುಮಾಡಿದ.

ನಾಲ್ಕನೆಯ ವಾರ. ಮಧ್ಯಾಹ್ನ ಮೂರು ಗಂಟೆ. ಬೋರಿ ನಿದ್ದೆಹೋಗಿದ್ದಳೆಂದು ಮಾಯಮ್ಮ ಬಟ್ಟೆ ಒಗೆದು ತರಲು ನಾಲೆಗೆ ಹೋಗಿದ್ದಳು. ಪಂಕಜಮ್ಮ ಒಳಗೆ ಅಕ್ಕಿ ಆರಿಸುತ್ತ ಕೂತಿದ್ದಳು. ಮನೆ ಬಹಳ ಸದ್ದಿಲ್ಲದೆ ಇದೆ ಎನ್ನಿಸಿತು.

“ಚೂಡೀ?”

ಉತ್ತರವಿಲ್ಲ. ಹಿತ್ತಲ ಬಾಗಿಲು ತೆರೆದಿತ್ತು.

ಮೊರ ಅಲ್ಲೇ ಬಿಟ್ಟು ಓಡಿದಳು. ಬಾವಿಯ ಮುಚ್ಚಳ ಮುಚ್ಚಿಯೇ ಇತ್ತು. ಸೌದೆಮನೆಯೊಳಗೆ ಚೂಡಾಮಣಿ ಸೌದೆಯ ರಾಶಿ ಹತ್ತಿ, ಮೇಲಿನ ಕಿಟಕಿಯ ಕಂಬಿ ಹಿಡಿದು ನಿಂತಿದ್ದಳು. ಅವಳ ಪಕ್ಕದಲ್ಲಿ ಬೋರಿಯೂ ನಿಂತಿದ್ದಳು. ತನ್ನ ಕಾಲ ಮೇಲೆ, ತುದಿಗಾಲಲ್ಲಿ. ಆಚೆ ಕಬ್ಬಿನ ಗಾಡಿಗಳ ಸಾಲು ಹೋಗುತ್ತಿತ್ತು.

“ಅಮ್ಮಾ, ನಾವು ಗಾಡಿ ನೋಡ್ತಿದೀವಿ” ಎಂದಳು ಚೂಡಾಮಣಿ ಖುಷಿಯಿಂದ.

ಬೋರಿ ಹಿಂದಿರುಗಿ ನೋಡಿದಳು. ನಗು ತುಟಿಯಲ್ಲಿದ್ದ ಹಾಗೇ ಮುಖ ಬಿಳಿಚಿತು. ಮೊಣಕಾಲುಗಳು ಮಡಚಿಕೊಂಡವು. ಪಂಕಜಮ್ಮ ಒಂದೇ ಹೆಜ್ಜೆಗೆ ಹೋಗಿ ಹಿಡಿದುಕೊಂಡು, ಆ ತಾಯಿ ಹಿಡಿದಿದ್ದ ಹಾಗೆ ಎರಡೂ ತೋಳಿನ ಮೇಲೆ ಅಡ್ಡಲಾಗಿ ಮಲಗಿಸಿ, ಕದದ ಹಾಸಿಗೆಗೆ ಇಳಿಸಿದಳು. ತುಟಿ ನೀಲಿಗಟ್ಟಿತ್ತು. ಬೆರಳು ಮಣಿಕಟ್ಟಿಗೆ ತಾನಾಗಿ ಹೋಯಿತು. ಎರಡು ಬಡಿತ, ನಿಲುಗಡೆ. ಒಂದು ಬಡಿತ, ಉದ್ದದ ನಿಲುಗಡೆ. ಆಮೇಲೆ ಗಡಿಬಿಡಿಯಲ್ಲಿ ನಾಲ್ಕೈದು.

ಗಂಡ ಛತ್ರದ ಸಾಮಾನಿಗೆಂದು ಪೇಟೆಗೆ ಹೋಗಿದ್ದ. ಮಾಯಮ್ಮ ಬಂದಿರಲಿಲ್ಲ. ತಾನು ಎದ್ದು ಹೋದರೆ ಮಗು ಮತ್ತೆ ಕದಲಿದರೆ? ಈ ಬೆರಳು ತೆಗೆದರೆ ಅದೂ ನಿಂತೇಹೋಗುವುದೇನೋ ಎನ್ನಿಸಿತು.

“ಚೂಡಿ, ಇಲ್ಲಿ ಬಾ. ಆಸ್ಪತ್ರೆ ಬಾಗಿಲು ಗೊತ್ತಲ್ಲ, ಓಣಿಯಾಚೆ, ಹಸಿರು ಬಾಗಿಲು. ಅಲ್ಲಿಗೆ ಹೋಗಿ ಡಾಕ್ಟರನ್ನ ಕರಿ. ಬೋರಿ ನಾಡಿ ತಪ್ಪಿದೆ ಅಂತ ಹೇಳು. ಏನಂತ ಹೇಳ್ತೀಯ?”

“ಬೋರಿ ನಾಡಿ ತಪ್ಪಿದೆ.”

“ಗಾಡಿ ಬಂದರೆ ಗೋಡೆಗೆ ಅಂಟಿಕೊಂಡು ನಿಂತ್ಕೋ. ಓಡು.”

ಚೂಡಾಮಣಿ ಒಂಟಿಯಾಗಿ ಬೀದಿಗೆ ಕಾಲಿಟ್ಟದ್ದು ಅದೇ ಮೊದಲು. ಓಣಿಯ ಬಾಯಲ್ಲಿ ಎತ್ತುಗಳ ಗೆಜ್ಜೆ, ಗಾಡಿ ಹೊಡೆಯುವವರ ಕೂಗು. “ಏಯ್ ಮಗಾ, ಪಕ್ಕಕ್ಕೆ ಓಗು!” ಎಂದು ಯಾರೋ ಗದರಿದರು. ಪಂಕಜಮ್ಮ ಕಣ್ಣು ಮುಚ್ಚಿದಳು. ಒಂದು ಮಗುವಿನ ನಾಡಿ ಬೆರಳಲ್ಲಿ, ಇನ್ನೊಂದು ಮಗುವಿನ ಹೆಜ್ಜೆ ಕಿವಿಯಲ್ಲಿ. ಎಣಿಸಲು ಹೋದರೆ ಲೆಕ್ಕ ತಪ್ಪುತ್ತಿತ್ತು. ಬೋರಿಯ ಕಿವಿಯ ಹತ್ತಿರ ಬಾಗಿ, “ಅಲ್ಲಾಡಬೇಡ ಕಂದ, ಏನೂ ಇಲ್ಲ, ಅಲ್ಲಾಡಬೇಡ” ಎನ್ನುತ್ತಲೇ ಇದ್ದಳು.

ಡಾಕ್ಟರು ಬಂದಾಗ ಚೂಡಾಮಣಿ ಅವರ ಕಂಕುಳಲ್ಲಿದ್ದಳು. ಅವರು ಮಗುವಿನ ತೋಳಿಗೆ ಸೂಜಿ ಚುಚ್ಚಿ, ಕಾಲಕಡೆ ಹಾಸಿಗೆಗೆ ಇಟ್ಟಿಗೆ ಏರಿಸಿ, ಕೊಳವೆಯನ್ನು ಎದೆಗಿಟ್ಟು ಕೂತರು. ಮಾಯಮ್ಮ ಒದ್ದೆ ಬಟ್ಟೆಯ ಗಂಟಿನೊಡನೆ ಬಂದವಳು ಬಾಗಿಲಲ್ಲೇ ಕುಸಿದಳು.  ಕಾರ್ಖಾನೆಯ ಸಂಜೆಯ ಕೂಗು ಆಗುವವರೆಗೆ ಡಾಕ್ಟರು ಮಗುವಿನ ಪಕ್ಕದಿಂದ ಏಳಲಿಲ್ಲ.

ಆಮೇಲೆ ಡಾಕ್ಟರು ಪಂಕಜಮ್ಮನಿಗೆ, “ಈಗ ನೀವು ನೋಡಿ” ಎಂದರು.

ಎಂಬತ್ತೆಂಟು. ಒಂದೇ ಕಡೆ ತಪ್ಪಿತ್ತು.

ಮಾಯಮ್ಮ ಹೊರಗೆ ಬಂದಾಗ ಪಂಕಜಮ್ಮ ತಲೆ ತಗ್ಗಿಸಿ, “ಬಾಗಿಲು ತೆಗೆದಿದ್ದವಳು ನನ್ನ ಮಗಳು ಮಾಯಮ್ಮ. ತಪ್ಪಾಯಿತು” ಎಂದಳು.

“ಬುಡಿ ಅಮ್ಮಾವ್ರೆ. ಮಕ್ಳು ಮಕ್ಕಳ್ತಾವಿಕ್ಕೇ ಓಯ್ತಾವೆ. ನಾನೇ ಓಗ್ಬಾರ್ದಾಗಿತ್ತು” ಎಂದಳು ಮಾಯಮ್ಮ. ಆಮೇಲೆ, “ಎತ್ಕಂಡ್ರಂತಲ್ಲ ನೀವು” ಎಂದಳು. ಪಂಕಜಮ್ಮನಿಗೆ ಅದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಧನುರ್ಮಾಸದಲ್ಲಿ ಧರ್ಮದರ್ಶಿಗಳು ಬಂದರು. ಯಾರೋ ಆಗಲೇ ಅವರ ಕಿವಿಗೆ ಹಾಕಿದ್ದರು. ಹಿತ್ತಲಲ್ಲಿ ನಿಂತು ಸೌದೆಮನೆಯ ಕಡೆ ನೋಡಿ ಹುಬ್ಬು ಗಂಟಿಕ್ಕಿದರು. ಕಸ್ತೂರಿರಂಗ ಬೆವರುತ್ತ, ಇದು ಛತ್ರದ ಎಲ್ಲೆಯಿಂದ ಆಚೆ, ಇಲ್ಲಿ ಕಲ್ಲಿದೆ ಎಂದು ತೋರಿಸಿದ. ಅವರು ಆ ಸಲ ಅವನ ಮನೆಯಲ್ಲಿ ನೀರು ಮುಟ್ಟದೆ ಹೋದರು. ಅಲ್ಲಿಂದ ಎರಡು ತಿಂಗಳು, ಕೆಲಸ ಹೋಯಿತೆಂಬ ಕಾಗದ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಗಂಡಹೆಂಡಿರು ಅಂಚೆಯವನ ದಾರಿ ನೋಡಿದರು. ಕಾಗದ ಬರಲಿಲ್ಲ.

ಸಂಕ್ರಾಂತಿ ಕಳೆದ ಮೂರನೆಯ ದಿನ ಡಾಕ್ಟರು ಬೋರಿಯನ್ನು ಮೊದಲು ದಿಂಬಿಗೆ ಒರಗಿಸಿ, ಮರುದಿನ ಕೂರಿಸಿ, ಮತ್ತೂ ಎರಡು ದಿನ ಬಿಟ್ಟು ನಾಲ್ಕು ಹೆಜ್ಜೆ ನಡೆಸಿದರು. ಪ್ರತಿಯೊಂದಕ್ಕೂ ಮೊದಲು ಪಂಕಜಮ್ಮನ ಬೆರಳು, ಆಮೇಲೆ ಪಂಕಜಮ್ಮನ ಬೆರಳು. ಕೆಂಪಸಿದ್ದಯ್ಯ ಗಾಡಿಗೆ ಮೊಣಕಾಲೆತ್ತರ ಹುಲ್ಲು ತುಂಬಿಸಿ ತಂದಿದ್ದ. ಹೊರಡುವಾಗ ಮಾಯಮ್ಮ ದೊಡ್ಡ ಮಾತೇನೂ ಆಡಲಿಲ್ಲ. ಸೌದೆಮನೆಯನ್ನು ಸಗಣಿ ಹಾಕಿ ಸಾರಿಸಿ, ಸೌದೆಯನ್ನೆಲ್ಲ ಒಪ್ಪವಾಗಿ ಒಟ್ಟಿ, “ಓಯ್ತೀವಿ ಕಣಮ್ಮಾವ್ರೆ” ಎಂದಳು. ಗಾಡಿ ಹೆಜ್ಜೆ ಹೆಜ್ಜೆಗೆ ನಿಲ್ಲುವಂತೆ ಹೋಯಿತು. ಎರಡು ದಿನದ ದಾರಿ. ಮಗು ಸುಖವಾಗಿ ಮುಟ್ಟಿದೆ ಎಂದು ಬೆಳಕವಾಡಿಯ ಮೇಷ್ಟರ ಕೈಯಲ್ಲಿ ಬರೆಸಿದ ಕಾರ್ಡು ಬರುವವರೆಗೆ ಪಂಕಜಮ್ಮ ಸರಿಯಾಗಿ ಊಟಮಾಡಲಿಲ್ಲ.

ಹದಿನೈದು ದಿನಕ್ಕೆ ಡಾಕ್ಟರು ಮತ್ತೆ ಬಂದರು. ಹಲಗೂರಿನ ಮಗು, ಜೊತೆಗೆ ಅಜ್ಜಿ ಮಾತ್ರ.

“ನನ್ನ ಕೈಲಾಗೋಲ್ಲ ಸ್ವಾಮಿ” ಎಂದಳು ಪಂಕಜಮ್ಮ, ಈ ಸಲ ಕದದ ಹಿಂದಿನಿಂದಲ್ಲ, ಎದುರಿಗೇ ನಿಂತು. “ಆ ಆರು ವಾರದಲ್ಲಿ ನಾನು ಅರ್ಧ ಸತ್ತಿದೀನಿ.”

“ಗೊತ್ತು. ಧೈರ್ಯ ಇರೋರ ಮನೇಲಿ ಈ ಮಕ್ಕಳನ್ನ ಬಿಡೋಕೆ ನನಗೆ ಧೈರ್ಯ ಇಲ್ಲ ತಾಯಿ” ಎಂದರು ಡಾಕ್ಟರು.

ಅವಳು ಒಂದು ರಾತ್ರಿ ಕಳೆದು, ಬೆಳಗಾದ ಮೇಲೆ ಸೌದೆಯನ್ನು ಒಂದು ಮೂಲೆಗೆ ಒತ್ತರಿಸಿದಳು.

ಹಲಗೂರಿನ ಆ ಮಗು ಹನ್ನೆರಡನೆಯ ದಿನ, ಬೆಳಿಗ್ಗೆ ನಾಡಿ ಸರಿಯಾಗಿದ್ದದ್ದು, ಮಧ್ಯಾಹ್ನ ಅಂಬಲಿ ಕುಡಿಯುತ್ತ ಕಣ್ಣುಮುಚ್ಚಿತು. ಯಾರ ತಪ್ಪೂ ಇರಲಿಲ್ಲ. ಅಜ್ಜಿ ಪುಟ್ಟಮಾದಮ್ಮನನ್ನು ಹಿಡಿದುಕೊಂಡು ಪಂಕಜಮ್ಮ ಅತ್ತದ್ದನ್ನು ಬೀದಿಯವರು ಗೋಡೆಯ ಮೇಲಿಂದ ನೋಡಿದರು. ಒಂದು ತಿಂಗಳು ಸೌದೆಮನೆಗೆ ಬೀಗ. ಆಮೇಲೆ ಮತ್ತೆ ತೆರೆಯಿತು. ಚಿಕ್ಕರಸಿನಕೆರೆಯವರು, ಮದ್ದೂರಿನವರು, ಕಿಕ್ಕೇರಿಯಷ್ಟು ದೂರದವರು ಬಂದರು. ಕೆಲವರು ಜಾತಿ ಕೇಳಿ, ಹಿಂದೆ ಯಾರಿದ್ದರೆಂದು ತಿಳಿದು, ಒಳಗೆ ಬರಲು ಹಿಂದೆಮುಂದೆ ನೋಡಿದರು. ಅಂಥವರಿಗೆ ಪಂಕಜಮ್ಮ, “ಕೈಯಲ್ಲಿ ಎಷ್ಟು ಹೊತ್ತು ಹಿಡಿದು ನಿಲ್ತೀರಿ?” ಎಂದು ಮಾತ್ರ ಕೇಳುತ್ತಿದ್ದಳು.

ಮೂವತ್ತೊಂಬತ್ತರಲ್ಲಿ ಮಂಡ್ಯ ಜಿಲ್ಲೆಯಾದ ವರ್ಷ, ಊರಿನ ನಾಲ್ಕು ಜನ ಸೇರಿ ಹಿತ್ತಲಿಗೆ ಅಂಟಿಸಿ ಎರಡು ಕೋಣೆ ಕಟ್ಟಿಸಿದರು. ಕೋಣೆಗಳ ಪೂಜೆಯ ದಿನ ಪಂಕಜಮ್ಮನನ್ನು ಕರೆದರೆ ಅವಳು ಬರಲಿಲ್ಲ. ಒಳಗೆ ಮದ್ದೂರಿನ ಒಂದು ಕೂಸಿಗೆ ಅಂದು ಹತ್ತೊಂಬತ್ತನೆಯ ದಿನ. ನಾಡಿ ಎಂಬತ್ತರಲ್ಲಿತ್ತು. ಅದು ತೊಂಬತ್ತು ದಾಟಲಿ, ಬರುತ್ತೇನೆ ಎಂದು ಚೂಡಾಮಣಿಯ ಕೈಯಲ್ಲಿ ಹೇಳಿಕಳಿಸಿದಳು.